ಜೈಲಿನ ಬದಲು ಚಿಕಿತ್ಸೆ: ಕೋರ್ಟಿನ ಕೈಯಲ್ಲಿರುವ ದಾರಿ

ಮಾದಕ ವಸ್ತುವಿನ ಚಟಕ್ಕೆ ಬಿದ್ದವನೊಬ್ಬ ಕೋರ್ಟಿನಲ್ಲಿ ನಿಂತಿದ್ದಾನೆ ಎಂದುಕೊಳ್ಳಿ. ಜೇಬಿನಲ್ಲಿ ಸಿಕ್ಕಿದ್ದು ತನ್ನ ಸೇವನೆಗೆಂದು ಇಟ್ಟುಕೊಂಡ ಒಂದಿಷ್ಟು ಪುಡಿ. ಇಲ್ಲವೇ, ಅದನ್ನು ಕೊಳ್ಳಲು ಹಣ ಸಾಲದೆ ಯಾರದೋ ಮೊಬೈಲು ಕದ್ದಿದ್ದಾನೆ. ತಪ್ಪು ಒಪ್ಪಿಕೊಂಡಿದ್ದಾನೆ. ನ್ಯಾಯಾಧೀಶರ ಮುಂದೆ ಸಾಮಾನ್ಯವಾಗಿ ಕಾಣುವುದು ಎರಡು ದಾರಿ. ಜೈಲಿಗೆ ಕಳಿಸಬಹುದು. ದಂಡ ಕಟ್ಟಿಸಿಕೊಂಡು ಮನೆಗೆ ಕಳಿಸಬಹುದು. ಮೊದಲನೆಯದರಲ್ಲಿ ಅವನು ಕೆಲವು ತಿಂಗಳು ಕಣ್ಮರೆಯಾಗಿ ಅದೇ ಚಟದೊಂದಿಗೆ ಹೊರಬರುತ್ತಾನೆ. ಎರಡನೆಯದರಲ್ಲಿ ಅದೇ ಸಂಜೆ ಅದೇ ಬೀದಿಗೆ ಮರಳುತ್ತಾನೆ. ಮೂರನೆಯ ದಾರಿಯೊಂದಿದೆ. ಶಿಕ್ಷೆಯನ್ನು ತಡೆಹಿಡಿದು, ಅವನನ್ನು ಚಿಕಿತ್ಸೆಗೆ ಕಳಿಸಿ, ಆ ಚಿಕಿತ್ಸೆ ನಡೆಯುತ್ತಿದೆಯೇ ಎಂದು ಕೋರ್ಟೇ ವಾರವಾರ ವಿಚಾರಿಸುತ್ತಾ ಹೋಗುವ ದಾರಿ. ಇಂದಿನ ಮಾತು ಇದರ ಬಗ್ಗೆಯೇ. ಈ ಮೂರನೆಯ ದಾರಿ ಕೆಲಸ ಮಾಡುತ್ತದೆ, ಆದರೆ ಒಂದು ಷರತ್ತಿನ ಮೇಲೆ, ಎಂಬುದು ನನ್ನ ವಾದ. ವ್ಯಸನಿ ಚಿಕಿತ್ಸೆಯಲ್ಲಿ ಸಾಕಷ್ಟು ಕಾಲ ಉಳಿಯಬೇಕು. ಉಳಿಸಿಕೊಳ್ಳುವುದೇ ಕೋರ್ಟಿನ ನಿಜವಾದ ಕೆಲಸ. ಆದೇಶ ಬರೆಯುವುದು ಅದರ ಮೊದಲ ದಿನದ ಕೆಲಸ ಮಾತ್ರ.

ಈ ಪದ್ಧತಿ ಇಂದಿನ ರೂಪ ಪಡೆದದ್ದು ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿ ನಗರದಲ್ಲಿ. 1980ರ ದಶಕದಲ್ಲಿ ಆ ಊರಿಗೆ ಕೊಕೇನ್ ಹೊಳೆಯಂತೆ ಹರಿದು ಬಂತು. ಪೊಲೀಸರು ಹಿಡಿದರು, ಕೋರ್ಟುಗಳು ಶಿಕ್ಷೆ ಕೊಟ್ಟವು, ಜೈಲುಗಳು ತುಂಬಿದವು. ಬಿಡುಗಡೆಯಾದವರೇ ಮತ್ತೆ ಮತ್ತೆ ಅದೇ ಕೋರ್ಟಿಗೆ ಬರತೊಡಗಿದರು. 1989ರಲ್ಲಿ ಅಲ್ಲಿನ ನ್ಯಾಯಾಧೀಶರು, ಸರ್ಕಾರಿ ಅಭಿಯೋಜಕರು ಮತ್ತು ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲರು ಒಂದೆಡೆ ಕುಳಿತು ಬೇರೊಂದು ಕೋರ್ಟನ್ನು ರೂಪಿಸಿದರು. ಆಗ ಅಲ್ಲಿ ಅಭಿಯೋಜಕರ ಮುಖ್ಯಸ್ಥೆಯಾಗಿದ್ದವರು ಜಾನೆಟ್ ರೆನೋ. ಮುಂದೆ ಅವರು ಇಡೀ ಅಮೆರಿಕದ ಅಟಾರ್ನಿ ಜನರಲ್ ಆದರು. ಆ ಕೋರ್ಟಿನ ಪೀಠದಲ್ಲಿ ಮೊದಲು ಕುಳಿತವರು ಸ್ಟ್ಯಾನ್ಲಿ ಗೋಲ್ಡ್‌ಸ್ಟೈನ್. ಇಂದು ಅಮೆರಿಕದಲ್ಲಿ ಇಂಥ ಕೋರ್ಟುಗಳು ಸಾವಿರಗಟ್ಟಲೆ ಇವೆ. ಅವುಗಳಿಗೆ ಡ್ರಗ್ ಕೋರ್ಟ್ ಎಂದು ಹೆಸರು.

ಕೇಳುಗರೇ, ಈ ಕೋರ್ಟು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದರ ಗುಟ್ಟೆಲ್ಲ ನಡೆಯುವ ರೀತಿಯಲ್ಲೇ ಇದೆ. ಆರೋಪಿ ಒಪ್ಪಿದರೆ ಮಾತ್ರ ಇಲ್ಲಿಗೆ ಬರುತ್ತಾನೆ. ಬಂದ ಮೇಲೆ ಕನಿಷ್ಠ ಒಂದು ವರ್ಷದ ಲೆಕ್ಕ. ಮೊದಮೊದಲು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಕೋರ್ಟಿಗೆ ಹಾಜರಾಗಬೇಕು. ಮುನ್ಸೂಚನೆ ಇಲ್ಲದೆ ಮೂತ್ರ ಪರೀಕ್ಷೆ ನಡೆಯುತ್ತದೆ. ಆಪ್ತ ಸಮಾಲೋಚನೆಗೆ ಹೋದನೇ, ಕೆಲಸಕ್ಕೆ ಸೇರಿದನೇ, ಮನೆಯಲ್ಲಿ ಹೇಗಿದ್ದಾನೆ ಎಂಬ ವರದಿ ವಾಯಿದೆಗೆ ಮೊದಲೇ ಪೀಠದ ಮುಂದಿರುತ್ತದೆ. ಮಾಮೂಲಿ ಕೋರ್ಟಿನಲ್ಲಿ ವಕೀಲರು ಮಾತಾಡುತ್ತಾರೆ, ಆರೋಪಿ ಸುಮ್ಮನಿರುತ್ತಾನೆ. ಇಲ್ಲಿ ನ್ಯಾಯಾಧೀಶರು ನೇರವಾಗಿ ಅವನನ್ನೇ ಮಾತಾಡಿಸುತ್ತಾರೆ. ಪ್ರತಿ ವಾಯಿದೆಗೂ ಅದೇ ನ್ಯಾಯಾಧೀಶರು. ಚೆನ್ನಾಗಿ ನಡೆದುಕೊಂಡರೆ ಎಲ್ಲರೆದುರು ಮೆಚ್ಚುಗೆಯ ಮಾತು, ವಾಯಿದೆಗಳ ನಡುವೆ ಹೆಚ್ಚಿನ ಅಂತರ. ತಪ್ಪಿದರೆ ಹೆಚ್ಚು ಪರೀಕ್ಷೆ, ಸಮುದಾಯ ಸೇವೆ, ಕೆಲವೊಮ್ಮೆ ಒಂದೆರಡು ದಿನದ ಬಂಧನ. ಒಮ್ಮೆ ಎಡವಿದ ಮಾತ್ರಕ್ಕೆ ಹೊರಗೆ ಹಾಕುವುದಿಲ್ಲ. ವ್ಯಸನ ಮರುಕಳಿಸುವ ಕಾಯಿಲೆ ಎಂಬ ತಿಳಿವಳಿಕೆ ಈ ವ್ಯವಸ್ಥೆಯ ಒಳಗೇ ಸೇರಿದೆ. ಕೊನೆಯವರೆಗೂ ನಿಂತರೆ ಪ್ರಕರಣ ವಜಾ ಆಗುತ್ತದೆ ಅಥವಾ ಶಿಕ್ಷೆ ಕಡಿಮೆಯಾಗುತ್ತದೆ.

ಹಾಗಾದರೆ ಫಲ ಏನು? ಅಮೆರಿಕದ ಡ್ರಗ್ ಕೋರ್ಟುಗಳ ಮೇಲೆ ನಡೆದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಾಮರ್ಶೆಯೊಂದು 2012ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಮಾಮೂಲಿ ಕೋರ್ಟಿನ ಮೂಲಕ ಹೋದ ನೂರು ಮಂದಿಯಲ್ಲಿ 50 ಮಂದಿ ಮತ್ತೆ ಅಪರಾಧ ಮಾಡುವಲ್ಲಿ, ಡ್ರಗ್ ಕೋರ್ಟಿನ ಮೂಲಕ ಹೋದ ನೂರು ಮಂದಿಯಲ್ಲಿ ಸುಮಾರು 38 ಮಂದಿ ಮಾಡುತ್ತಾರೆ. ಇದು ಪವಾಡವಲ್ಲ. ಆದರೆ ನೂರಕ್ಕೆ 12 ಮಂದಿ ಎಂದರೆ ಅಷ್ಟು ಮನೆಗಳು. ಅಷ್ಟೇ ಅಲ್ಲ, ಅವರಿಂದ ಕಳ್ಳತನಕ್ಕೋ ಹಲ್ಲೆಗೋ ಒಳಗಾಗದೆ ಉಳಿದ ಇನ್ನಷ್ಟು ಮನೆಗಳು. 2011ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನ 23 ಡ್ರಗ್ ಕೋರ್ಟುಗಳನ್ನು ಪರಿಶೀಲಿಸಿತ್ತು. ಒಂದೂವರೆ ವರ್ಷದ ನಂತರ ಪರೀಕ್ಷೆ ಮಾಡಿದಾಗ, ಡ್ರಗ್ ಕೋರ್ಟಿಗೆ ಹೋಗಿದ್ದವರಲ್ಲಿ ನೂರಕ್ಕೆ ಸುಮಾರು 30 ಮಂದಿಯ ದೇಹದಲ್ಲಿ ಮಾದಕ ವಸ್ತು ಸಿಕ್ಕಿತು. ಹೋಗದವರಲ್ಲಿ ಅದು 46. ಅಧ್ಯಯನಕಾರರು ಇನ್ನೊಂದು ವಿಷಯ ಗಮನಿಸಿದರು. ನ್ಯಾಯಾಧೀಶರು ತಮ್ಮನ್ನು ನ್ಯಾಯವಾಗಿ, ಗೌರವದಿಂದ ನಡೆಸಿಕೊಂಡರು ಎಂದು ಅನ್ನಿಸಿದವರೇ ಹೆಚ್ಚು ಸುಧಾರಿಸಿದ್ದರು. ನನಗೆ ಇದು ಬಹಳ ಮುಖ್ಯವೆನಿಸುತ್ತದೆ. ವರ್ಷಗಟ್ಟಲೆ ಬೈಗುಳವನ್ನೇ ಕೇಳಿದ ಮನುಷ್ಯನ ಹೆಸರು ಹಿಡಿದು ಕರೆದು, ಹೋದ ವಾರ ಹೇಳಿದ್ದು ಏನಾಯಿತು ಎಂದು ಅಧಿಕಾರಸ್ಥಾನದಲ್ಲಿರುವ ಒಬ್ಬರು ಕೇಳುತ್ತಾರೆ. ಅದಕ್ಕೆ ಒಂದು ಬಲವಿದೆ.

ಇಲ್ಲಿಯವರೆಗಿನದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಕೋರ್ಟು ಚಿಕಿತ್ಸೆಯನ್ನು ಆದೇಶಿಸಬಹುದು. ಅದೇ ನ್ಯಾಯಾಧೀಶರು ಹಿಂದೆ ಬಿದ್ದು ನೋಡಿಕೊಂಡರೆ ಫಲ ಸಿಗುತ್ತದೆ. ಈಗ ಪ್ರಶ್ನೆ: ವ್ಯಸನಿ ಚಿಕಿತ್ಸೆಯನ್ನು ನಡುವೆಯೇ ಕೈಬಿಟ್ಟರೆ? ಇದಕ್ಕೆ ಉತ್ತರ ಬ್ರಿಟನ್ನಿನಲ್ಲಿದೆ. 1998ರ ಕಾನೂನಿನ ಮೂಲಕ ಅಲ್ಲಿ ಚಿಕಿತ್ಸೆ ಮತ್ತು ಪರೀಕ್ಷೆಯ ಆದೇಶ ಎಂಬ ಹೊಸ ಶಿಕ್ಷೆ ಬಂತು. ಕ್ರಾಯ್ಡನ್, ಲಿವರ್‌ಪೂಲ್ ಮತ್ತು ಗ್ಲಾಸ್ಟರ್‌ಶೈರ್ ಎಂಬ ಮೂರು ಕಡೆ ಮೊದಲು ಪ್ರಯೋಗ ನಡೆಯಿತು. ಆದೇಶ ಪಡೆದವರಲ್ಲಿ ಅದನ್ನು ಕೊನೆ ಮುಟ್ಟಿಸಿದವರು ನೂರಕ್ಕೆ ಸುಮಾರು 30 ಮಂದಿ ಮಾತ್ರ. ಎರಡು ವರ್ಷದೊಳಗೆ ನೂರಕ್ಕೆ 80 ಮಂದಿಗೆ ಮತ್ತೆ ಶಿಕ್ಷೆಯಾಯಿತು. ಈ ಒಂದು ಅಂಕಿಯನ್ನು ಹಿಡಿದು ಇದೆಲ್ಲ ದಂಡ ಎಂದು ಹೇಳಿಬಿಡಬಹುದು. ಆದರೆ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಡುವೆಯೇ ಕೈಬಿಟ್ಟವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಮತ್ತೆ ಅಪರಾಧ ಮಾಡಿದ್ದರು. ಕೊನೆಯವರೆಗೆ ಉಳಿದವರಲ್ಲಿ ಅದು ನೂರಕ್ಕೆ 50ಕ್ಕಿಂತ ತುಸು ಹೆಚ್ಚು. ಉಳಿದವರು ಮೊದಲೇ ಸ್ವಲ್ಪ ಗಟ್ಟಿ ಮನಸ್ಸಿನವರಿರಬಹುದು, ಹಾಗಾಗಿ ಪೂರ್ತಿ ಶ್ರೇಯಸ್ಸನ್ನು ಚಿಕಿತ್ಸೆಗೇ ಕೊಡಲಾಗದು. ಅದನ್ನು ಒಪ್ಪಿಕೊಂಡರೂ ಅಂತರ ತುಂಬಾ ದೊಡ್ಡದು. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಚಿಕಿತ್ಸೆಯಿಂದ ಪ್ರಯೋಜನ ಅಲ್ಪ ಎಂಬುದು ಈ ಕ್ಷೇತ್ರದ ವೈದ್ಯರು ಬಹಳ ಕಾಲದಿಂದ ಹೇಳುತ್ತಿರುವ ಮಾತು. ಹಾಗಾಗಿ ಯಾವುದೇ ಯೋಜನೆಗೆ ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ಮಂದಿಯನ್ನು ಕಳಿಸಿದಿರಿ ಎಂಬುದಲ್ಲ. ಆರು ತಿಂಗಳ ಮೇಲೆ ಎಷ್ಟು ಮಂದಿ ಇನ್ನೂ ಇದ್ದಾರೆ ಎಂಬುದು.

ಇನ್ನು ಆಕ್ಷೇಪಗಳಿಗೆ ಬರೋಣ. ಮೊದಲನೆಯದು ನೇರವಾದದ್ದು. ಮನಸ್ಸಿಲ್ಲದವನಿಗೆ ಬಲವಂತದ ಚಿಕಿತ್ಸೆ ಕೊಟ್ಟು ಏನು ಪ್ರಯೋಜನ? ಈ ಆಕ್ಷೇಪದ ಅರ್ಧ ಭಾಗ ಸರಿಯಾಗಿದೆ. ಏಷ್ಯಾದ ಹಲವು ದೇಶಗಳಲ್ಲಿ ವ್ಯಸನಿಗಳನ್ನು ವಿಚಾರಣೆಯೇ ಇಲ್ಲದೆ ಶಿಬಿರಗಳಲ್ಲಿ ಕೂಡಿಹಾಕುವ ಪದ್ಧತಿ ಬೆಳೆಯಿತು. 2012ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ 12 ಅಂಗಸಂಸ್ಥೆಗಳು ಒಟ್ಟಾಗಿ ಅಂಥ ಶಿಬಿರಗಳನ್ನು ಮುಚ್ಚಬೇಕೆಂದು ಕರೆ ಕೊಟ್ಟವು. ಹೊಡೆತ, ಸರಪಳಿ, ಬೀಗದ ಕೋಣೆಯನ್ನೇ ಚಿಕಿತ್ಸೆ ಎನ್ನುವ ಖಾಸಗಿ ಕೇಂದ್ರಗಳ ಸುದ್ದಿ ನಮ್ಮ ದೇಶದಲ್ಲೂ ಆಗಾಗ ಬರುತ್ತದೆ. ಅದನ್ನು ಯಾರೂ ಸಮರ್ಥಿಸಬಾರದು. ಆದರೆ ನಾನು ಹೇಳುತ್ತಿರುವುದರಲ್ಲಿ ಆಯ್ಕೆ ಇದೆ. ಎದುರಿಗೆ ಶಿಕ್ಷೆ ಇದೆ, ಪಕ್ಕದಲ್ಲಿ ಚಿಕಿತ್ಸೆ ಇದೆ, ವಕೀಲರ ಸಲಹೆ ಪಡೆದು ಅವನೇ ತೀರ್ಮಾನಿಸುತ್ತಾನೆ. ಅದು ಪೂರ್ತಿ ಸ್ವತಂತ್ರ ಆಯ್ಕೆ ಅಲ್ಲ, ನಿಜ. ಆದರೆ ಚಿಕಿತ್ಸೆಗೆ ತಾನಾಗಿ ಬಂದವರು ಎನ್ನಿಸಿಕೊಂಡವರ ಹಿಂದೆಯೂ ಹೆಂಡತಿಯ ಕಣ್ಣೀರು, ಮಾಲೀಕನ ಎಚ್ಚರಿಕೆ, ಅಣ್ಣನ ಗದರಿಕೆ ಇದ್ದೇ ಇರುತ್ತದೆ. ಒತ್ತಡ ಅವನನ್ನು ಬಾಗಿಲವರೆಗೆ ತರಬಲ್ಲದು. ಒಳಗೆ ಒಳ್ಳೆಯ ವೈದ್ಯರು ಇದ್ದರೆ ಮನಸ್ಸು ಆಮೇಲೆ ಬೆಳೆಯುತ್ತದೆ. ವ್ಯಸನಿಯಾಗಿರುವುದನ್ನೇ ಅಪರಾಧ ಎನ್ನಲಾಗದು ಎಂದು ಅಮೆರಿಕದ ಸುಪ್ರೀಂ ಕೋರ್ಟು 1962ರಲ್ಲೇ ತೀರ್ಪು ಕೊಟ್ಟಿದೆ. ಕೋರ್ಟಿನ ಅಧಿಕಾರ ಹುಟ್ಟುವುದು ಅವನು ಮಾಡಿದ ಕೃತ್ಯದಿಂದ. ಅವನ ಕಾಯಿಲೆಯಿಂದಲ್ಲ. ಈ ಗೆರೆಯನ್ನು ಅಳಿಸಬಾರದು.

ಎರಡನೆಯ ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುತ್ತದೆ. ಚಿಕಿತ್ಸೆಯೆಲ್ಲ ಯಾಕೆ, ತಪ್ಪಿದ ಕೂಡಲೇ ಸಣ್ಣ ಶಿಕ್ಷೆ ಖಚಿತವಾಗಿ ಕೊಟ್ಟರೆ ಸಾಕಲ್ಲವೇ? ಈ ಯೋಚನೆಗೂ ಗಟ್ಟಿಯಾದ ಆಧಾರವೊಂದಿತ್ತು. ಅಮೆರಿಕದ ಹವಾಯಿ ರಾಜ್ಯದಲ್ಲಿ ನ್ಯಾಯಾಧೀಶ ಸ್ಟೀವನ್ ಆಲ್ಮ್ 2004ರಲ್ಲಿ ಹೋಪ್ ಎಂಬ ಯೋಜನೆ ಆರಂಭಿಸಿದರು. ಅದಕ್ಕೆ ಸೇರಿದವನು ಪ್ರತಿ ಬೆಳಿಗ್ಗೆ ಫೋನ್ ಮಾಡಿ ಇಂದು ತನ್ನ ಸರದಿಯೇ ಎಂದು ಕೇಳಬೇಕು. ಸರದಿ ಬಂದರೆ ಅಂದೇ ಪರೀಕ್ಷೆ. ಮಾದಕ ವಸ್ತು ಪತ್ತೆಯಾದರೆ ಆಗಲೇ ಬಂಧನ, ಕೆಲವೇ ದಿನಗಳ ಜೈಲು. ಒಂದು ವರ್ಷದ ಅಧ್ಯಯನದಲ್ಲಿ ಹೊಸ ಅಪರಾಧಕ್ಕೆ ಬಂಧನವಾದವರು ಈ ಗುಂಪಿನಲ್ಲಿ ನೂರಕ್ಕೆ ಸುಮಾರು 20. ಹೋಲಿಕೆಯ ಗುಂಪಿನಲ್ಲಿ 50ರ ಹತ್ತಿರ. ದೇಶವೇ ಬೆರಗಾಯಿತು. ಆಮೇಲೆ ಬೇರೆ ನಾಲ್ಕು ರಾಜ್ಯಗಳಲ್ಲಿ ಅದೇ ಯೋಜನೆಯನ್ನು ಸುಮಾರು 1,500 ಮಂದಿಯ ಮೇಲೆ ಪ್ರಯೋಗಿಸಿದರು. 2016ರಲ್ಲಿ ಫಲಿತಾಂಶ ಬಂತು. ಒಟ್ಟಾರೆಯಾಗಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಯಾಕೆ ಹೀಗಾಯಿತು ಎಂಬ ಚರ್ಚೆ ಇನ್ನೂ ನಡೆದಿದೆ. ನನ್ನ ತೀರ್ಮಾನ ಇಷ್ಟು. ಹವಾಯಿಯಲ್ಲಿ ನಿಯಮದ ಜೊತೆಗೆ ಒಬ್ಬ ಮನುಷ್ಯನ ಶ್ರದ್ಧೆಯೂ ಕೆಲಸ ಮಾಡಿತ್ತು. ನಿಯಮವನ್ನಷ್ಟೇ ನಕಲು ಮಾಡಿದಲ್ಲಿ ಶ್ರದ್ಧೆ ತಾನಾಗಿ ಬರಲಿಲ್ಲ. ಪರೀಕ್ಷೆಯಿಂದ ಚಟ ಪತ್ತೆಯಾಗುತ್ತದೆ. ವಾಸಿಯಾಗುವುದಿಲ್ಲ.

ಎರಡು ಆಕ್ಷೇಪ ಕೇಳಿದೆವು. ಬಲವಂತ ಬೇಡ ಎಂಬುದು ಒಂದು, ಬಲವಂತವೇ ಸಾಕು ಎಂಬುದು ಇನ್ನೊಂದು. ಮೂರನೆಯದು ಜನಸಾಮಾನ್ಯರ ಮನಸ್ಸಿನಿಂದ ಬರುವಂಥದ್ದು. ಕಳ್ಳನಿಗೆ ಆಸ್ಪತ್ರೆಯೇ? ಇದು ಅಪರಾಧಿಗೆ ತೋರುವ ಮೃದುತನವಲ್ಲವೇ? ಕಳ್ಳತನಕ್ಕೆ ಒಳಗಾದವರ ನೋವಿನಿಂದ ಬರುವ ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಆದರೆ ಹೊರೆಯನ್ನು ಅಳೆದು ನೋಡಿ. ದಂಡ ಕಟ್ಟಲು ಒಂದು ಗಂಟೆ ಸಾಕು. ಒಂದು ವರ್ಷ ಕಾಲ ಮತ್ತೆ ಮತ್ತೆ ಹಾಜರಾಗಿ, ಪರೀಕ್ಷೆಗೆ ಒಳಗಾಗಿ, ತನ್ನ ಜೀವನದ ಲೆಕ್ಕ ಒಪ್ಪಿಸುವುದು ಅದಕ್ಕಿಂತ ಎಷ್ಟೋ ಕಠಿಣ. ಇನ್ನೊಂದು ಮಾತು. ಜೈಲು ವ್ಯಸನಿಗೆ ಕೇವಲ ಕಠಿಣವಾದ ಜಾಗವಲ್ಲ, ಅಲ್ಲಿಂದ ಹೊರಬರುವ ಘಳಿಗೆ ಅವನಿಗೆ ಪ್ರಾಣಾಪಾಯದ ಘಳಿಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ ಸುಮಾರು 30,000 ಕೈದಿಗಳ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯ ನಂತರದ ಮೊದಲ ಎರಡು ವಾರದಲ್ಲಿ ಅವರು ಸಾಯುವ ಸಂಭವ ಆ ರಾಜ್ಯದ ಇತರರಿಗಿಂತ ಸುಮಾರು 13 ಪಟ್ಟು ಹೆಚ್ಚಾಗಿತ್ತು. ಮಾದಕ ವಸ್ತುವಿನ ಸೇವನೆ ಮಿತಿಮೀರಿ ಸಾಯುವ ಸಂಭವವಂತೂ ಸುಮಾರು 130 ಪಟ್ಟು. ಕಾರಣ ಸರಳ. ಒಳಗಿದ್ದಾಗ ದೇಹದ ತಾಳಿಕೆ ಇಳಿದಿರುತ್ತದೆ. ಆಸೆ ಇಳಿದಿರುವುದಿಲ್ಲ. ಹೊರಬಂದವನು ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಾನೆ. ಆರು ತಿಂಗಳ ಶಿಕ್ಷೆ ಕೊಟ್ಟ ನ್ಯಾಯಾಲಯ ಮರಣದಂಡನೆ ಕೊಟ್ಟಿರಲಿಲ್ಲ. ಆದರೂ ಸಾವು ಬರುತ್ತದೆ.

ನಾಲ್ಕನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ವ್ಯಸನ ಕಾಯಿಲೆ ಎಂದ ಮೇಲೆ ಕೋರ್ಟು ಇಲ್ಲಿ ಯಾಕಿರಬೇಕು? ಪೋರ್ಚುಗಲ್ 2001ರಿಂದ ಸ್ವಂತ ಸೇವನೆಯನ್ನು ಅಪರಾಧದ ಪಟ್ಟಿಯಿಂದ ತೆಗೆದಿದೆ. ಅಲ್ಲಿ ಸಿಕ್ಕಿಬಿದ್ದವರು ಮೂವರ ಒಂದು ಸಮಿತಿಯ ಮುಂದೆ ಹೋಗುತ್ತಾರೆ. ಸಮಿತಿ ಅವರೊಂದಿಗೆ ಮಾತಾಡಿ ಚಿಕಿತ್ಸೆಯ ಕಡೆಗೆ ತಿರುಗಿಸುತ್ತದೆ. ಅದು ಬಹುಮಟ್ಟಿಗೆ ಚೆನ್ನಾಗಿ ನಡೆಯಿತು. ಅಮೆರಿಕದ ಆರೆಗನ್ ರಾಜ್ಯವೂ 2021ರಲ್ಲಿ ಅದೇ ಹಾದಿ ಹಿಡಿಯಿತು. ಸ್ವಂತ ಸೇವನೆಗೆ ಇಟ್ಟುಕೊಂಡವರಿಗೆ 100 ಡಾಲರಿನ ದಂಡದ ಚೀಟಿ. ಒಂದು ದೂರವಾಣಿಗೆ ಕರೆ ಮಾಡಿ ಆರೋಗ್ಯದ ವಿಚಾರಣೆಗೆ ಒಳಗಾದರೆ ದಂಡ ಮಾಫಿ. ಕರೆ ಮಾಡಿದವರು ತೀರಾ ಕಡಿಮೆ. ಚಿಕಿತ್ಸೆಗೆಂದು ಎತ್ತಿಟ್ಟ ಹಣ ಕೇಂದ್ರಗಳಿಗೆ ತಲುಪಿದ್ದೂ ತಡವಾಗಿ. 2024ರ ಸೆಪ್ಟೆಂಬರಿನಲ್ಲಿ ಆ ರಾಜ್ಯ ಮತ್ತೆ ಅದನ್ನು ಅಪರಾಧವೆಂದೇ ಮಾಡಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟ. ಕರೆಸುವವರು ನ್ಯಾಯಾಧೀಶರೋ ಸಮಿತಿಯೋ ಎಂಬುದು ಎರಡನೆಯ ಮಾತು. ಎದುರಿಗೆ ಕೂರಿಸಿಕೊಂಡು ವಿಚಾರಿಸುವವರೊಬ್ಬರು ಇರಬೇಕು, ಅವರ ಬೆನ್ನಿಗೆ ಚಿಕಿತ್ಸೆಯ ಜಾಲ ಸಿದ್ಧವಿರಬೇಕು. ಪೋರ್ಚುಗಲ್‌ನಲ್ಲಿ ಇವೆರಡೂ ಇದ್ದವು. ಆರೆಗನ್‌ನಲ್ಲಿ ಒಂದು ಚೀಟಿ ಇತ್ತು. ಇನ್ನು, ಕಳ್ಳತನದಂಥ ಅಪರಾಧ ಮಾಡಿದ ವ್ಯಸನಿಯ ವಿಷಯದಲ್ಲಿ ಕೋರ್ಟನ್ನು ತಪ್ಪಿಸಲು ಯಾವ ದೇಶದಲ್ಲೂ ಆಗುವುದಿಲ್ಲ. ಅಲ್ಲಿಗಾದರೂ ಕೋರ್ಟು ಚಿಕಿತ್ಸೆಯ ಭಾಷೆ ಕಲಿಯಲೇಬೇಕು. ಆದರೆ ನ್ಯಾಯಾಧೀಶರು ವೈದ್ಯರಾಗಬಾರದು. ಹೆರಾಯಿನ್ ಚಟಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್‌ನಂಥ ಔಷಧಗಳು ಜೀವ ಉಳಿಸುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಆದರೂ ಅಮೆರಿಕದ ಎಷ್ಟೋ ಡ್ರಗ್ ಕೋರ್ಟುಗಳು, ಅದೂ ಒಂದು ಮಾದಕ ವಸ್ತುವೇ ಎಂದು, ಬಹಳ ಕಾಲ ಅವುಗಳಿಗೆ ಅಡ್ಡಿ ಮಾಡಿದವು. ಯಾವ ಔಷಧ, ಎಷ್ಟು ಕಾಲ ಎಂಬುದು ವೈದ್ಯರ ಮಾತು. ಹೋದನೇ ಇಲ್ಲವೇ ಎಂಬುದಷ್ಟೇ ಕೋರ್ಟಿನ ಮಾತು.

ಕೇಳುಗರೇ, ಹೊರದೇಶಗಳ ಅನುಭವ ಇಷ್ಟು. ಈಗ ನಮ್ಮ ಕಾನೂನಿನ ಕಡೆಗೆ ತಿರುಗೋಣ. ಈ ಮೂರನೆಯ ದಾರಿ ನಮ್ಮಲ್ಲಿ ಈಗಾಗಲೇ ಬರೆದಿಟ್ಟಿದೆ. 1985ರ ಮಾದಕ ವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆ, ಕಠಿಣ ಎಂದೇ ಹೆಸರಾದದ್ದು. ಅದರ 39ನೇ ಕಲಮು ಹೀಗಿದೆ. ಸೇವನೆಯ ಅಪರಾಧ ಮಾಡಿದ, ಇಲ್ಲವೇ ಸಣ್ಣ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿಯನ್ನು ಕೋರ್ಟು ಅವನ ಒಪ್ಪಿಗೆ ಪಡೆದು, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಕೇಂದ್ರಕ್ಕೆ ಚಿಕಿತ್ಸೆಗೆ ಕಳಿಸಬಹುದು. ಅವನು ಮುಚ್ಚಳಿಕೆ ಬರೆದುಕೊಡಬೇಕು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿಯೊಂದಿಗೆ ಬರಬೇಕು. ವರದಿ ಚೆನ್ನಾಗಿದ್ದರೆ ಮೂರು ವರ್ಷದವರೆಗಿನ ಇನ್ನೊಂದು ಮುಚ್ಚಳಿಕೆಯ ಮೇಲೆ ಬಿಡುಗಡೆ. ಹೆರಾಯಿನ್ ಆದರೆ 5 ಗ್ರಾಂ, ಗಾಂಜಾ ಆದರೆ 1 ಕಿಲೋ, ಇದರೊಳಗಿದ್ದರೆ ಸಣ್ಣ ಪ್ರಮಾಣ. 64ಎ ಕಲಮು ಇನ್ನೂ ಮುಂದೆ ಹೋಗುತ್ತದೆ. ಇಂಥ ವ್ಯಸನಿ ತಾನಾಗಿ ಚಿಕಿತ್ಸೆ ಕೇಳಿ ಪಡೆದರೆ ಅವನ ಮೇಲೆ ಮೊಕದ್ದಮೆಯೇ ನಡೆಯುವುದಿಲ್ಲ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಈ ರಕ್ಷಣೆ ಹೋಗಬಹುದು. ದೊಡ್ಡ ಪ್ರಮಾಣದ ಸಾಗಾಟಗಾರರಿಗೆ ಈ ಎರಡೂ ಇಲ್ಲ, ಇರಲೂ ಬಾರದು. ಕಳ್ಳತನದಂಥ ಪ್ರಕರಣಗಳಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದೆ. ಪರಿವೀಕ್ಷಣಾಧಿಕಾರಿಯ ಕಣ್ಗಾವಲಿನಲ್ಲಿ ಬಿಡುಗಡೆ ಮಾಡುವಾಗ ಅಮಲು ಪದಾರ್ಥಗಳಿಂದ ದೂರವಿರಬೇಕೆಂಬ ಷರತ್ತು ಹಾಕಲು ಆ ಕಾಯ್ದೆ ಕೋರ್ಟಿಗೆ ಅಧಿಕಾರ ಕೊಟ್ಟಿದೆ.

ಕಾನೂನು ಹೀಗಿದ್ದೂ ನಡೆಯುವುದೇನು? ಪಂಜಾಬಿನ ಕೋರ್ಟುಗಳಲ್ಲಿ 2013ರಿಂದ 2015ರವರೆಗೆ ನಡೆದ ಎನ್‌ಡಿಪಿಎಸ್ ಪ್ರಕರಣಗಳನ್ನು ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಎಂಬ ಸಂಸ್ಥೆ ಪರಿಶೀಲಿಸಿತು. ಕೋರ್ಟಿನ ಮೂಲಕ ವ್ಯಸನಮುಕ್ತಿ ಚಿಕಿತ್ಸೆಗೆ ಹೋದವರು ಒಬ್ಬರೂ ಸಿಗಲಿಲ್ಲ. ಮಾದಕ ವಸ್ತುವಿನಿಂದ ಅಷ್ಟು ನೊಂದ ರಾಜ್ಯದಲ್ಲಿ ಒಬ್ಬರೂ ಇಲ್ಲ. ಇದಕ್ಕೆ ನ್ಯಾಯಾಧೀಶರನ್ನಷ್ಟೇ ದೂರುವುದು ಸರಿಯಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುವುದು ಆರೋಪಿಗೂ ವಕೀಲರಿಗೂ ಕೋರ್ಟಿಗೂ ಹಗುರ. ಈತ ವ್ಯಸನಿಯೇ, ಒಮ್ಮೆ ಸೇದಿದ ಹುಡುಗನೇ ಎಂದು ಹೇಳಬೇಕಾದ ವೈದ್ಯರ ವರದಿ ಕಡತದಲ್ಲಿರುವುದಿಲ್ಲ. ಒಮ್ಮೆ ಸೇದಿದವನಿಗೆ ಚಿಕಿತ್ಸೆಯೇ ಬೇಕಿರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅವನನ್ನು ಕೇಂದ್ರಕ್ಕೆ ತಳ್ಳಿ ನಿಜವಾದ ರೋಗಿಯ ಹಾಸಿಗೆ ತುಂಬಿಸುವುದು ಇಬ್ಬರಿಗೂ ಅನ್ಯಾಯ. ಹಾಸಿಗೆಯಾದರೂ ಎಷ್ಟಿವೆ? ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಅಫೀಮು, ಹೆರಾಯಿನ್ ಗುಂಪಿನ ವಸ್ತುಗಳ ಬಳಕೆಯಿಂದಾಗಿ ನೆರವಿನ ಅಗತ್ಯವಿರುವವರು ದೇಶದಲ್ಲಿ ಸುಮಾರು 77 ಲಕ್ಷ. ಕಾನೂನುಬಾಹಿರ ಮಾದಕ ವಸ್ತುಗಳಿಗೆ ದಾಸರಾದವರಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆದವರು 20ಕ್ಕೆ ಒಬ್ಬರು. ಉಳಿದ 19 ಮಂದಿಗೆ ಕೋರ್ಟು ಯಾವ ಊರಿನ ಯಾವ ಕೇಂದ್ರದ ಹೆಸರು ಬರೆಯಬೇಕು?

ಕರ್ನಾಟಕದ ಮಟ್ಟಿಗೆ ನೋಡಿದರೆ ಬಿಡಿಬಿಡಿಯಾಗಿ ಬೇಕಾದವು ಕೆಲವು ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಪರಿವೀಕ್ಷಣಾಧಿಕಾರಿಗಳಿದ್ದಾರೆ. ಮಾದಕ ವ್ಯಸನಕ್ಕೆ ಸಿಲುಕಿದವರಿಗೆ ಕಾನೂನು ನೆರವು ಕೊಡಲು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2015ರಲ್ಲೇ ಒಂದು ಯೋಜನೆ ರೂಪಿಸಿದೆ, ಅದು ಜಿಲ್ಲಾ ಪ್ರಾಧಿಕಾರಗಳ ಮೂಲಕ ನಡೆಯುತ್ತದೆ. ಇವರೆಲ್ಲರನ್ನೂ ಒಂದೇ ಕಡತದ ಸುತ್ತ ಕೂರಿಸಬೇಕು. ಪ್ರತಿ ಜಿಲ್ಲೆಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರಿಗೆ ಇಂಥ ಪ್ರಕರಣಗಳನ್ನು ಒಪ್ಪಿಸಿ, ತಿಂಗಳಿಗೆ ಎರಡು ಮಧ್ಯಾಹ್ನಗಳನ್ನು ಇವಕ್ಕೆಂದೇ ಎತ್ತಿಟ್ಟರೆ ಆರಂಭಕ್ಕೆ ಸಾಕು. ವರದಿಗೆ ಒಂದು ವರ್ಷ ಕಾಯದೆ ಹದಿನೈದು ದಿನಕ್ಕೊಮ್ಮೆ ಕೇಳುವುದನ್ನು 39ನೇ ಕಲಮು ತಡೆಯುವುದಿಲ್ಲ. ಮಾನ್ಯತೆ ಪಡೆದ ಕೇಂದ್ರಗಳ ಪಟ್ಟಿ, ಖಾಲಿ ಹಾಸಿಗೆಯ ಲೆಕ್ಕದೊಂದಿಗೆ, ಪ್ರತಿ ಕೋರ್ಟಿನಲ್ಲೂ ಇರಬೇಕು. ಮನೆಯವರಿಗೂ ಒಂದು ಮಾತು. ಮಗನೋ ಮಗಳೋ ಇಂಥ ಪ್ರಕರಣದಲ್ಲಿ ಸಿಕ್ಕಿಬಿದ್ದರೆ ಮೊದಲ ವಾಯಿದೆಯಲ್ಲೇ ವಕೀಲರಿಗೆ 64ಎ ಮತ್ತು 39ನೇ ಕಲಮುಗಳನ್ನು ನೆನಪಿಸಿ, ಅರ್ಜಿ ಹಾಕಲು ಹೇಳಿ. ವಕೀಲರನ್ನು ಇಡಲು ಹಣವಿಲ್ಲದಿದ್ದರೆ ನಿಮ್ಮ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ. ಪ್ರಕರಣವೇ ಇಲ್ಲದೆ ಸಹಾಯ ಬೇಕಿದ್ದರೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ. ಅದರ ಸಂಖ್ಯೆ 14446. ಬರೆದುಕೊಳ್ಳುವವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ನಾಲ್ಕು, ಆರು.